ಹಳೇ ಕಟಿಂಗ್ ನಕ್ಷೆ, ಇವತ್ತಿನ ಮೈ: ಕಡಿಮೆ ಖರ್ಚಿನಲ್ಲಿ ನಾಟಕದ ಬಟ್ಟೆ ಹೊಲಿಯುವುದು ಹೇಗೆ

ದಾವಣಗೆರೆಯ ನಮ್ಮ ಹವ್ಯಾಸಿ ತಂಡ ಚಿತ್ರದುರ್ಗ ಜಿಲ್ಲೆಯ ತುರುವನೂರು ಸತ್ಯಾಗ್ರಹದ ಮೇಲೆ ನಾಟಕ ಆಡಲು ಹೊರಟಾಗ ಬಟ್ಟೆಯ ಜವಾಬ್ದಾರಿ ನನಗೆ ಬಂತು. 1939ರ ಕಥೆ ಅದು, ಹೆಂಡ ಇಳಿಸುವ ಈಚಲು ಮರ ಕಡಿದು ಜೈಲಿಗೆ ಹೋದವರದ್ದು. ಕ್ಲೋಸ್ ಕೋಟು (ಕುತ್ತಿಗೆಯವರೆಗೆ ಗುಂಡಿ ಹಾಕುವ ಕೋಟು) ಬೇಕು, ಜುಬ್ಬ ಬೇಕು, ಹೆಂಗಸರಿಗೆ ಪಫ್ ತೋಳಿನ ರವಿಕೆ ಬೇಕು. ಬಾಡಿಗೆಗೆ ತರೋಣ ಅಂದರೆ ಸಿಗುವ ಕೋಟುಗಳೆಲ್ಲ ಮದುವೆ ಶೇರ್ವಾನಿ ಥರ ಮಿಂಚುತ್ತವೆ. ಆಗ ನೆನಪಾಗಿದ್ದು ನಮ್ಮಜ್ಜನ ಕಟಿಂಗ್ ನೋಟ್‌ಬುಕ್. ಅಜ್ಜ ಟೈಲರ್ ಆಗಿದ್ದರು. ಹಳದಿ ಬಣ್ಣಕ್ಕೆ ತಿರುಗಿದ ಹಾಳೆಗಳಲ್ಲಿ ಪೆನ್ಸಿಲ್‌ನಿಂದ ಬರೆದ ಪುಟ್ಟ ಪುಟ್ಟ ನಕ್ಷೆಗಳು, ಪ್ರತಿಯೊಂದರ ಪಕ್ಕ "ಎದೆ 34", "ಎದೆ 32" ಅಂತ ಬರೆದಿತ್ತು. ನಮ್ಮ ಮುಖ್ಯ ಪಾತ್ರಧಾರಿಯ ಎದೆ 42.

ಈ ಅಂತರವನ್ನು ದಾಟುವುದು ಹೇಗೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಪುಟ್ಟ ನಕ್ಷೆಯನ್ನು ನಿಜವಾದ ಗಾತ್ರಕ್ಕೆ ತರುವುದು ಒಂದು ಕೆಲಸ. ಆ ಗಾತ್ರವನ್ನು ದಪ್ಪ ಮೈಗೆ ಹೊಂದಿಸುವುದು ಬೇರೆಯೇ ಕೆಲಸ. ಎರಡನ್ನೂ ಜೆರಾಕ್ಸ್ ಅಂಗಡಿಯಲ್ಲಿ ಒಂದೇ ಏಟಿಗೆ ಮುಗಿಸಲು ಹೋದರೆ ಬಟ್ಟೆ ಹಾಳಾಗುತ್ತದೆ.

ನಾನು ಮೊದಲ ಸಲ ಮಾಡಿದ್ದು ಅದನ್ನೇ. 34ರಿಂದ 42 ಅಂದರೆ ಸುಮಾರು 124 ಪರ್ಸೆಂಟ್ ಅಲ್ವಾ, ಅಷ್ಟು ಹಿಗ್ಗಿಸಿದರೆ ಆಯಿತು ಅಂದುಕೊಂಡೆ. ಎದೆ ಸರಿಯಾಗಿ ಬಂತು. ಆದರೆ 24 ಇಂಚಿನ ತೋಳು ಹತ್ತಿರ ಹತ್ತಿರ 30 ಇಂಚಾಯಿತು. 14 ಇಂಚಿನ ಕುತ್ತಿಗೆ 17 ದಾಟಿತು. ಸೊಂಟದ ಗೆರೆ ಪೃಷ್ಠದ ಮೇಲೆ ಬಂದು ಕೂತಿತು. ಮನುಷ್ಯ ದಪ್ಪ ಆದರೆ ಮೈ ಬೆಳೆಯುತ್ತದೆ, ಮೂಳೆ ಬೆಳೆಯುವುದಿಲ್ಲ. ಎದೆ 8 ಇಂಚು ಜಾಸ್ತಿ ಇದ್ದವನ ಕೈ ಆರು ಇಂಚು ಉದ್ದ ಇರುವುದಿಲ್ಲ.

ಕೈಯಲ್ಲಿರುವ ನಕ್ಷೆ ಯಾವ ಥರದ್ದು?

ಹಳೇ ನಕ್ಷೆಗಳು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಸಿಗುತ್ತವೆ. ಟೈಲರಿಂಗ್ ಕ್ಲಾಸಿನ ನೋಟ್‌ಬುಕ್, ಹಳೇ ಪುಸ್ತಕಗಳಲ್ಲಿ ಇರುವುದು ಕಾಲು ಅಳತೆಯ ನಕ್ಷೆ. ಅಲ್ಲಿ ಒಂದು ಇಂಚು ಅಂದರೆ ನಿಜದಲ್ಲಿ ನಾಲ್ಕು ಇಂಚು. ಕೆಲವದರಲ್ಲಿ ಎಂಟನೇ ಒಂದು ಭಾಗವೂ ಇರುತ್ತದೆ. ಎರಡನೆಯದು ಪತ್ರಿಕೆಗಳಲ್ಲಿ ಬರುತ್ತಿದ್ದ ಚೌಕದ ನಕ್ಷೆ, ಪಕ್ಕದಲ್ಲಿ "ಒಂದು ಚೌಕ ಒಂದು ಇಂಚು" ಅಂತ ಬರೆದಿರುತ್ತದೆ. ಮೂರನೆಯದು ಹೊರದೇಶದ ಲಕೋಟೆ ಪ್ಯಾಟರ್ನ್, ತೆಳು ಕಾಗದದಲ್ಲಿ ಪೂರ್ತಿ ಗಾತ್ರದ್ದು. ಅಮೆರಿಕದಲ್ಲಿ ಬಟ್ಟರಿಕ್ ಅನ್ನುವ ಟೈಲರ್ 1863ರಲ್ಲೇ ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನ್ ಮಾರಲು ಶುರು ಮಾಡಿದ್ದ. ಇಂಥ ಹಳೆಯವುಗಳಲ್ಲಿ ಎಷ್ಟೋ ಪ್ಯಾಟರ್ನ್‌ಗಳ ಮೇಲೆ ಒಂದು ಗೆರೆಯೂ ಅಚ್ಚಾಗಿರುವುದಿಲ್ಲ, ಬರೀ ತೂತುಗಳು ಇರುತ್ತವೆ. ತೂತುಗಳನ್ನು ಹಾಳು ಅಂದುಕೊಳ್ಳಬೇಡಿ. ಡಾರ್ಟ್ (ಬಟ್ಟೆ ಮೈಗೆ ಕೂರಲಿ ಅಂತ ಹಾಕುವ ಚೂಪು ಮಡಿಕೆ) ಎಲ್ಲಿ, ಬಟ್ಟೆಯ ನೂಲು ಯಾವ ಕಡೆ ಅನ್ನುವುದನ್ನೆಲ್ಲ ಹೇಳುವುದು ಅವೇ. ಸೈಜ್ ನಂಬರನ್ನೂ ನಂಬಬೇಡಿ. 1940ರ ದಶಕದ ಅಮೆರಿಕದ 14 ನಂಬರ್ ಅಂದರೆ ಎದೆ 32. ಯಾವಾಗಲೂ ಇಂಚಿನಲ್ಲಿ ಬರೆದ ಎದೆ ಅಳತೆಯನ್ನೇ ನೋಡಿ.

ನಿಮ್ಮ ನೋಟ್‌ಬುಕ್‌ನಲ್ಲಿ ನಕ್ಷೆಯ ಜೊತೆ ಲೆಕ್ಕವೂ ಇದ್ದರೆ, ಅಂದರೆ "ಎದೆಯ ನಾಲ್ಕನೇ ಒಂದು ಭಾಗ, ಜೊತೆಗೆ ಒಂದೂವರೆ" ಅಂತೆಲ್ಲ ಬರೆದಿದ್ದರೆ, ಹಿಗ್ಗಿಸುವ ಗೋಜೇ ಬೇಡ. ನಿಮ್ಮ ಪಾತ್ರಧಾರಿಯ ಅಳತೆ ಹಾಕಿ ನೇರವಾಗಿ ಬರೆಯಬಹುದು. ಆದರೆ ಎದೆ 40 ದಾಟಿದ ಮೇಲೆ ಈ ಲೆಕ್ಕಗಳು ಕೈಕೊಡುತ್ತವೆ. ಕಂಕುಳ ಆಳ ಎದೆಯ ಕಾಲು ಭಾಗ ಅಂದರೆ 34ಕ್ಕೆ ಎಂಟೂವರೆ, ಚೆನ್ನಾಗಿದೆ. 48ಕ್ಕೆ 12 ಬರುತ್ತದೆ, ಕಂಕುಳು ಹೊಟ್ಟೆಯವರೆಗೆ ಇಳಿಯುತ್ತದೆ. ಕುತ್ತಿಗೆಯ ಅಗಲ ಎದೆಯ 12ನೇ ಒಂದು ಭಾಗ ಅನ್ನುವುದೂ ಹಾಗೆಯೇ, 48ಕ್ಕೆ 4 ಇಂಚು ಬಂದು ಕಾಲರ್ ಭುಜಕ್ಕೆ ಜಾರುತ್ತದೆ. ಕುತ್ತಿಗೆ, ಭುಜ, ಕಂಕುಳ ಆಳ ಮೂರನ್ನೂ ಲೆಕ್ಕದಿಂದ ತೆಗೆಯಬೇಡಿ, ಮೈಯಿಂದ ಅಳೆದು ಹಾಕಿ.

ಮೊದಲು ಮೈ ಅಳತೆ

ನಕ್ಷೆ ಮುಟ್ಟುವ ಮುಂಚೆ ಇದು ಆಗಬೇಕು. ಎದೆ, ಸೊಂಟ, ಪೃಷ್ಠ, ಭುಜದಿಂದ ಭುಜಕ್ಕೆ, ಕುತ್ತಿಗೆ ಸುತ್ತು, ಹಿಂಗುತ್ತಿಗೆಯ ಮೂಳೆಯಿಂದ ಸೊಂಟಕ್ಕೆ, ತೋಳಿನ ಉದ್ದ, ರಟ್ಟೆ ಸುತ್ತು. ಇಷ್ಟನ್ನು ಎಲ್ಲ ಟೈಲರ್‌ಗಳೂ ತಗೊಳ್ಳುತ್ತಾರೆ. ನಾಟಕಕ್ಕೆ ಇನ್ನೂ ಎರಡು ಬೇಕು. ಒಂದು, ಎದೆಯನ್ನು ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಬೇರೆ ಬೇರೆ ಅಳೆಯಬೇಕು. ಪಕ್ಕೆಯಲ್ಲಿ ಹೊಲಿಗೆ ಬರುವ ಜಾಗಕ್ಕೆ ಒಂದು ದಾರ ಇಳಿಬಿಟ್ಟು ಅಲ್ಲಿಂದ ಅಲ್ಲಿಗೆ ಅಳೆಯಿರಿ. ಇನ್ನೊಂದು, ಎರಡೂ ಕೈ ಮುಂದೆ ಚಾಚಿಸಿ ಬೆನ್ನಿನ ಅಗಲ ತಗೊಳ್ಳಬೇಕು.

ಈ ಎರಡನೆಯದನ್ನು ಕಲಿತದ್ದು ರಿಹರ್ಸಲ್‌ನಲ್ಲಿ. ನಮ್ಮ ಪಾತ್ರಧಾರಿ ಅಣ್ಣ ಕೊಡಲಿ ಎತ್ತಿ ಮರಕ್ಕೆ ಹೊಡೆಯುವ ದೃಶ್ಯ ಅದು. ಕೊಡಲಿ ಕೆಳಗಿಳಿಯುವಾಗ ಚರ್ರ್ ಅಂತ ಸದ್ದಾಯಿತು. ಬೆನ್ನ ಮಧ್ಯದ ಹೊಲಿಗೆ ಕಾಲರ್ ಕೆಳಗಿನಿಂದ ಒಂದು ಗೇಣು ಬಿಟ್ಟುಹೋಗಿತ್ತು. ನಿಂತ ಮೈಗೆ ಕೋಟು ಸರಿಯಾಗಿಯೇ ಇತ್ತು, ಕೆಲಸ ಮಾಡುವ ಮೈಗೆ ಇರಲಿಲ್ಲ. ಕೈ ಇಳಿಬಿಟ್ಟಾಗಿನ ಬೆನ್ನಿಗೂ ಚಾಚಿದಾಗಿನ ಬೆನ್ನಿಗೂ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ಈಗಲೇ ಮನೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಅಳೆದು ನೋಡಿ.

ಪುಟ್ಟ ನಕ್ಷೆಯಿಂದ ಪೂರ್ತಿ ಗಾತ್ರಕ್ಕೆ

ಮೂಲ ಹಾಳೆಯ ಮೇಲೆ ಏನೂ ಗೀಚಬೇಡಿ. ಒಂದೆರಡು ರೂಪಾಯಿ ಕೊಟ್ಟರೆ ಜೆರಾಕ್ಸ್ ಆಗುತ್ತದೆ, ಎಲ್ಲ ಕೆಲಸವೂ ಅದರ ಮೇಲೆ.

ಕಡಿಮೆ ಖರ್ಚಿನ ದಾರಿ ಅಂದರೆ ಚೌಕ ಹಾಕುವುದು. ಕಾಲು ಅಳತೆಯ ನಕ್ಷೆಯಾದರೆ ಜೆರಾಕ್ಸ್ ಮೇಲೆ ಅರ್ಧ ಇಂಚಿನ ಚೌಕಗಳನ್ನು ಎಳೆಯಿರಿ. ದೊಡ್ಡ ಕಾಗದದ ಮೇಲೆ 2 ಇಂಚಿನ ಚೌಕ. ನಕ್ಷೆಯ ಗೆರೆ ಯಾವ ಚೌಕವನ್ನು ಎಲ್ಲಿ ದಾಟುತ್ತದೋ ದೊಡ್ಡದರಲ್ಲೂ ಅಲ್ಲೇ ಚುಕ್ಕಿ ಇಡಿ, ಆಮೇಲೆ ಚುಕ್ಕಿಗಳನ್ನು ಸೇರಿಸಿ. ನೇರ ಗೆರೆಗಳಿಗೆ ಎರಡು ತುದಿ ಸಾಕು. ಕಂಕುಳು, ಕುತ್ತಿಗೆ ಇರುವ ಕಡೆ ಮಾತ್ರ ಚೌಕಗಳನ್ನು ಇನ್ನೂ ಅರ್ಧ ಮಾಡಿ ಚುಕ್ಕಿ ಜಾಸ್ತಿ ಇಡಿ, ಬಾಗಿದ ಗೆರೆ ತಪ್ಪುವುದು ಅಲ್ಲೇ. ಮನೆಯಲ್ಲಿ ಟೈಲ್ಸ್ ನೆಲ ಇದ್ದರೆ ಕಾಗದದ ಅಂಚನ್ನು ಟೈಲ್ಸ್ ಸಂದಿಗೆ ಹೊಂದಿಸಿ ಇಡಿ, ಮೂಲೆಮಟ್ಟ ಇಲ್ಲದೆಯೂ ಗೆರೆಗಳು ನೆಟ್ಟಗೆ ಬರುತ್ತವೆ. ಕಾಗದಕ್ಕೆ ಪುಸ್ತಕಕ್ಕೆ ಬೈಂಡ್ ಹಾಕುವ ಖಾಕಿ ಪೇಪರ್ ಸಾಕು. ನ್ಯೂಸ್‌ಪೇಪರ್ ಕೂಡ ಆಗುತ್ತದೆ, ಆದರೆ ಅದರ ಮಸಿ ಬಿಳಿ ಖಾದಿಗೆ ಹತ್ತುತ್ತದೆ.

ಜೆರಾಕ್ಸ್‌ನಲ್ಲೇ ಹಿಗ್ಗಿಸುವುದಾದರೆ ಕಾಲು ಅಳತೆಗೆ 400 ಪರ್ಸೆಂಟ್. ಮಷಿನ್ 200ಕ್ಕೇ ನಿಂತರೆ 200 ಮಾಡಿದ ಪ್ರತಿಯನ್ನೇ ಮತ್ತೆ 200 ಮಾಡಿ. ಒಂದು ಸೆಂಟಿಮೀಟರ್ ಚೌಕವನ್ನು ಒಂದು ಇಂಚು ಮಾಡಬೇಕಾದರೆ 254. ನಕ್ಷೆಯ ಪಕ್ಕ ಮೊದಲೇ ಸರಿಯಾಗಿ ಒಂದು ಇಂಚಿನ ಗೆರೆಯನ್ನು ಅಡ್ಡಕ್ಕೊಂದು ಉದ್ದಕ್ಕೊಂದು ಎಳೆದಿಡಿ. ಹಿಗ್ಗಿದ ಮೇಲೆ ಎರಡೂ 4 ಇಂಚು ಬಂದಿವೆಯಾ ಅಂತ ಅಳೆಯಿರಿ. ಹಳೇ ನೋಟ್‌ಬುಕ್ ಹಾಳೆ ಸ್ವಲ್ಪ ಉಬ್ಬಿದ್ದರೂ ಒಂದು ಕಡೆ ಎಳೆದಂತಾಗಿರುತ್ತದೆ. ಇನ್ನೊಂದು ಸೂಕ್ಷ್ಮ: ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆ 400ಕ್ಕೆ 2 ಮಿಲಿಮೀಟರ್ ಆಗುತ್ತದೆ. ಒಂದು ಕಡೆ ಗೆರೆಯ ಒಳಗೆ, ಇನ್ನೊಂದು ಕಡೆ ಹೊರಗೆ ಕತ್ತರಿಸಿದರೆ ಕೋಟಿನ ಸುತ್ತಳತೆಯೇ ಬದಲಾಗುತ್ತದೆ. ಎಲ್ಲ ಕಡೆಯೂ ಗೆರೆಯ ಮಧ್ಯಕ್ಕೇ ಕತ್ತರಿ ಹಾಕಿ. ತುಂಡು ಹಾಳೆ ಅಂಟಿಸುವ ತಾಪತ್ರಯ ಬೇಡ ಅಂದರೆ ಮನೆ ಪ್ಲಾನ್ ಪ್ರಿಂಟ್ ಹಾಕುವ ಅಂಗಡಿಗೆ ಹೋಗಿ. ಎ0 ಹಾಳೆ 841 ಮಿಲಿಮೀಟರ್ ಅಗಲ, 1189 ಉದ್ದ. ಕೋಟಿನ ಮುಂಭಾಗ ಒಂದೇ ಹಾಳೆಯಲ್ಲಿ ಬರುತ್ತದೆ.

ಎಂಟನೇ ಒಂದು ಭಾಗದ ನಕ್ಷೆಗೆ ಜೆರಾಕ್ಸ್ ಬೇಡವೇ ಬೇಡ, ಚೌಕವೇ ಸರಿ.

ದಪ್ಪ ಮೈಗೆ ಹೊಂದಿಸುವುದು

ಈಗ ನಿಮ್ಮ ಮುಂದೆ 34 ಎದೆಯ ಪೂರ್ತಿ ಗಾತ್ರದ ಪ್ಯಾಟರ್ನ್ ಇದೆ. ಇದರ ಅಂಚಿಗೆ ಸುಮ್ನೆ 2 ಇಂಚು ಸೇರಿಸಿ ಕತ್ತರಿಸುವವರು ಬಹಳ ಜನ. ಒಂದು ಇಂಚಿನವರೆಗೆ ಅದು ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಕಂಕುಳ ಕೆಳಗೆ ಬಟ್ಟೆ ಗುಂಪಾಗುತ್ತದೆ, ಎದೆ ಮತ್ತು ಬೆನ್ನು ಬಿಗಿಯಾಗಿಯೇ ಉಳಿಯುತ್ತವೆ. ಸರಿಯಾದ ದಾರಿ ಅಂದರೆ ಪ್ಯಾಟರ್ನನ್ನು ಉದ್ದುದ್ದ ಸೀಳಿ, ಬೇಕಾದಲ್ಲಿ ಬೇಕಾದಷ್ಟು ಬಿಡಿಸಿ, ಕೆಳಗೆ ಬೇರೆ ಕಾಗದ ಇಟ್ಟು ಅಂಟಿಸುವುದು.

ನಮ್ಮ ಕೋಟಿನ ಲೆಕ್ಕವನ್ನೇ ಹೇಳುತ್ತೇನೆ. ಎದೆ 34ರಿಂದ 42, ವ್ಯತ್ಯಾಸ 8. ಬೆನ್ನಿನ ಅರ್ಧ, ಮುಂದಿನ ಅರ್ಧ ಅಂತ ಮೈ ನಾಲ್ಕು ಪಾಲು, ಹಾಗಾಗಿ ಒಂದು ಪಾಲಿಗೆ 2 ಇಂಚು. ನಕ್ಷೆಯ ಭುಜ ಹದಿನಾರೂವರೆ, ಅಣ್ಣನದು 18. ವ್ಯತ್ಯಾಸ ಒಂದೂವರೆ, ಅಂದರೆ ಒಂದು ಕಡೆಗೆ ಮುಕ್ಕಾಲು ಇಂಚು ಮಾತ್ರ. ಈ ಮುಕ್ಕಾಲು ಇಂಚೇ ಎಲ್ಲವನ್ನೂ ತೀರ್ಮಾನಿಸುವುದು. ಪ್ರತಿ ಪಾಲಿನಲ್ಲೂ ಮೇಲಿಂದ ಕೆಳಗೆ ಮೂರು ಗೆರೆ ಎಳೆಯಿರಿ. ಮೊದಲನೆಯದು ಕುತ್ತಿಗೆಯ ಬಾಗಿನಿಂದ ಕೆಳಕ್ಕೆ, ಇಲ್ಲಿ ಕಾಲು ಇಂಚು ಬಿಡಿಸಿ. ಎರಡನೆಯದು ಭುಜದ ಮಧ್ಯದಿಂದ, ಇಲ್ಲಿ ಅರ್ಧ ಇಂಚು. ಎರಡೂ ಸೇರಿ ಭುಜದ ಮುಕ್ಕಾಲು ಇಂಚು ಮುಗಿಯಿತು. ಮೂರನೆಯದು ಕಂಕುಳ ಬಾಗಿನಿಂದ ಕೆಳಕ್ಕೆ, ಅರ್ಧ ಇಂಚು. ಉಳಿದ ಮುಕ್ಕಾಲು ಇಂಚನ್ನು ಪಕ್ಕೆಯ ಅಂಚಿಗೆ ಸೇರಿಸಿ. ಒಟ್ಟು 2 ಇಂಚು. ಅಂಟಿಸುವಾಗ ಎಲ್ಲ ತುಂಡುಗಳ ಸೊಂಟದ ಗೆರೆ ಒಂದೇ ನೇರದಲ್ಲಿ ಇರಲಿ. ಅದಕ್ಕೇ ಸೀಳುವ ಮೊದಲು ಸೊಂಟದ ಗೆರೆಯನ್ನು ಬಣ್ಣದ ಪೆನ್ನಿನಲ್ಲಿ ಉದ್ದಕ್ಕೂ ಎಳೆದುಕೊಳ್ಳಿ.

ಆಮೇಲೆ ಅಡ್ಡ ಸೀಳು ಒಂದೇ. ಕಂಕುಳ ಬಾಗಿನ ಮಧ್ಯದಲ್ಲಿ ಅಡ್ಡಕ್ಕೆ ಕತ್ತರಿಸಿ ಮುಂದೆ ಹಿಂದೆ ಎರಡರಲ್ಲೂ ಅರ್ಧ ಇಂಚು ಬಿಡಿಸಿದರೆ ರಟ್ಟೆಗೆ ಜಾಗ ಆಗುತ್ತದೆ. ಇದರಿಂದ ಬೆನ್ನಿನ ಉದ್ದ ಅರ್ಧ ಇಂಚು ಹೆಚ್ಚುತ್ತದೆ. ಪಾತ್ರಧಾರಿಯ ಬೆನ್ನು ಅಷ್ಟು ಉದ್ದ ಇಲ್ಲದಿದ್ದರೆ ಕಂಕುಳ ಕೆಳಗೆ, ಸೊಂಟದ ಮೇಲೆ ಅಷ್ಟನ್ನೇ ಮಡಿಸಿಬಿಡಿ. ಇಲ್ಲಿ ಆಸೆಪಡಬೇಡಿ. ಹಳೇ ಕೋಟು ಹಳೇದಾಗಿ ಕಾಣುವುದೇ ಮೇಲೆ ಕೂತ ಸಣ್ಣ ಕಂಕುಳಿನಿಂದ, ಮತ್ತು ಹಾಗಿದ್ದರೇ ಕೈ ಎತ್ತಿದಾಗ ಕೋಟು ಪೂರ್ತಿ ಮೇಲೆ ಏರುವುದಿಲ್ಲ. ಸಡಿಲ ಬೇಕು ಅಂತ ಕಂಕುಳನ್ನು ಕೆಳಗಿಳಿಸಿದಷ್ಟೂ ಕೈ ಎತ್ತುವುದು ಕಷ್ಟ. ಜುಬ್ಬಕ್ಕೆ ಇನ್ನೂ ಸುಲಭದ ದಾರಿ ಇದೆ, ಕಂಕುಳಲ್ಲಿ 4 ಇಂಚಿನ ಒಂದು ಚೌಕ ತುಂಡು ಇಟ್ಟು ಹೊಲಿಯುವುದು. ಹಳೇ ಜುಬ್ಬಗಳಲ್ಲಿ ಇದು ಇದ್ದೇ ಇರುತ್ತಿತ್ತು.

ತೋಳನ್ನು ಮರೆಯಬೇಡಿ. ಟೇಪನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಂಕುಳ ಬಾಗಿನ ಮೇಲೆ ನಡೆಸಿ ಅಳೆಯಿರಿ. ನಮ್ಮದು 17 ಇದ್ದದ್ದು ಇಪ್ಪತ್ತೂವರೆ ಆಗಿತ್ತು, ಮೂರೂವರೆ ಇಂಚು ಜಾಸ್ತಿ. ತೋಳಿನ ತಲೆಯೂ, ಅಂದರೆ ಕಂಕುಳ ಸುತ್ತಿಗೆ ಸೇರುವ ಮೇಲಿನ ಬಾಗೂ, ಅಷ್ಟೇ ಬೆಳೆಯಬೇಕು. ಕೋಟಿನ ತೋಳು ಎರಡು ತುಂಡು, ಮೇಲಿನದರಲ್ಲಿ ಉದ್ದುದ್ದ ಸೀಳಿ ಒಂದೂವರೆ, ಕೆಳಗಿನದರಲ್ಲಿ ಒಂದು ಇಂಚು ಬಿಡಿಸಿದೆವು. ತೋಳಿನ ತಲೆಯಲ್ಲಿ ಅಡ್ಡ ಸೀಳಿ ಅರ್ಧ ಇಂಚು ಎತ್ತರಿಸಿದೆವು, ಅದು ಎರಡೂ ಬದಿ ಸೇರಿ ಹೆಚ್ಚುಕಡಿಮೆ ಒಂದು ಇಂಚು. ಲೆಕ್ಕ ಸರಿಹೋಯಿತು. ಕೊನೆಗೆ ತೋಳಿನ ತಲೆ ಕಂಕುಳ ಸುತ್ತಿಗಿಂತ ಒಂದರಿಂದ ಒಂದೂವರೆ ಇಂಚು ಜಾಸ್ತಿ ಇರಲಿ, ಅದನ್ನು ಸಣ್ಣಗೆ ಸುರುಕಿ ಕೂರಿಸಬೇಕು. ತೋಳಿನ ಉದ್ದ ಮಾತ್ರ ಮೈಯಿಂದ ಅಳೆದಷ್ಟೇ.

ಕಾಲರ್‌ಗೆ ಬಂದರೆ, ನಾಲ್ಕು ಪಾಲಿನಲ್ಲಿ ಕಾಲು ಕಾಲು ಇಂಚು ಬಿಡಿಸಿದ್ದರಿಂದ 14ರ ಕುತ್ತಿಗೆ 15 ಆಗಿರುತ್ತದೆ. ಅಣ್ಣನಿಗೆ ಬೇಕಾದದ್ದು 16. ಮುಂದಿನ ಕುತ್ತಿಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಪ್ರತಿ ಸಲ ಟೇಪ್ ನಡೆಸಿ ನೋಡಿ. ಒಂದೇ ಸಲ ಇಳಿಸಿದರೆ ವಾಪಸ್ ಬರುವ ದಾರಿ ಇಲ್ಲ.

ರವಿಕೆಯ ಲೆಕ್ಕ ಬೇರೆ

ಹೆಂಗಸರ ಬಟ್ಟೆಯಲ್ಲಿ ಹೆಚ್ಚಿದ ಅಳತೆಯನ್ನು ಸಮ ಪಾಲು ಮಾಡಿದರೆ ಬೆನ್ನು ಜೋತುಬೀಳುತ್ತದೆ, ಮುಂದೆ ಹುಕ್ ಕಿತ್ತುಬರುತ್ತದೆ. ಮುಂದೆ ಹಿಂದೆ ಬೇರೆ ಬೇರೆ ಅಳೆಯಿರಿ ಅಂದದ್ದು ಇದಕ್ಕೇ. ನೋಟ್‌ಬುಕ್‌ನ ಪಫ್ ತೋಳಿನ ರವಿಕೆ 32ರದ್ದು, ಮುಂದೆ ಹದಿನಾರೂವರೆ, ಹಿಂದೆ ಹದಿನೈದೂವರೆ. ಹಾಕಿಕೊಳ್ಳುವ ಅಕ್ಕನ ಎದೆ 40, ಮುಂದೆ 22, ಹಿಂದೆ 18. ಹಾಗಾದರೆ ಮುಂದಿನ ಅರ್ಧಕ್ಕೆ ಎರಡೂಮುಕ್ಕಾಲು ಇಂಚು, ಹಿಂದಿನ ಅರ್ಧಕ್ಕೆ ಒಂದೂಕಾಲು. ಭುಜದ ವ್ಯತ್ಯಾಸ ಒಟ್ಟು ಅರ್ಧ ಇಂಚು, ಅದಕ್ಕೆ ಎರಡೂ ಕಡೆ ಭುಜದ ಸೀಳಿನಲ್ಲಿ ಕಾಲು ಕಾಲು ಇಂಚು. ಪಕ್ಕೆಗೆ ಮುಂದೆಯೂ ಹಿಂದೆಯೂ ಒಂದೊಂದು ಇಂಚು. ಹಿಂದಿನದು ಅಲ್ಲಿಗೆ ಮುಗಿಯಿತು. ಮುಂದೆ ಇನ್ನೂ ಒಂದೂವರೆ ಇಂಚು ಉಳಿಯಿತಲ್ಲ, ಅದು ಡಾರ್ಟ್ ಮೂಲಕವೇ ಬರಬೇಕು. ಕೆಳಗಿನ ಡಾರ್ಟಿನ ಮಧ್ಯದಿಂದ ಎದೆಯ ತುದಿಯವರೆಗೆ ಸೀಳಿ, ಅಲ್ಲಿಂದ ಕಂಕುಳ ಕಡೆಗೆ ಸೀಳಿ, ಕಂಕುಳ ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಕಾಗದ ಬಿಡಿ. ಎದೆಯ ತುದಿಯ ಹತ್ತಿರ ಒಂದೂವರೆ ಇಂಚು ತೆರೆಯುವಂತೆ ಬಿಡಿಸಿದಾಗ ಡಾರ್ಟ್ ತಾನೇ ದೊಡ್ಡದಾಗುತ್ತದೆ. ಭುಜ ಮತ್ತು ಕುತ್ತಿಗೆ ಇದ್ದಲ್ಲೇ ಇರುತ್ತವೆ. ಮುಂದಿನ ಮಧ್ಯದ ಪಟ್ಟಿ ಪಕ್ಕೆಗಿಂತ ಗಿಡ್ಡ ಆಗಿರುತ್ತದೆ, ಅದನ್ನು ಕೆಳಗೆ ಎಳೆದು ಸಮ ಮಾಡಿ.

ಪಫ್‌ಗೆ ತೋಳನ್ನು ಮೊದಲು ಅಕ್ಕನ ರಟ್ಟೆಗೆ ಸರಿಮಾಡಿ, ಆಮೇಲೆ ನಡುಭಾಗದಲ್ಲಿ ನಾಲ್ಕು ಕಡೆ ಸೀಳಿ ಒಂದೊಂದು ಇಂಚು ಬಿಡಿಸಿ. ನೆರಿಗೆ ಭುಜದ ತುದಿಯಲ್ಲೇ ಇರಲಿ. ಕಂಕುಳ ತನಕ ಎಳೆದರೆ ದಪ್ಪ ಕೈ ಇನ್ನೂ ದಪ್ಪ ಕಾಣುತ್ತದೆ.

ಹಳೇ ಪಂಚೆಯಲ್ಲಿ ಟ್ರಯಲ್

ಹೊಸ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೇ ಪಂಚೆಯಲ್ಲೋ ಬೆಡ್‌ಶೀಟ್‌ನಲ್ಲೋ ಒಂದು ಸಲ ಹೊಲಿದು ನೋಡಿ. ತೊಳೆದು ತೊಳೆದು ಮೆತ್ತಗಾದ ಪಂಚೆ ಈ ಕೆಲಸಕ್ಕೆ ಬಹಳ ಒಳ್ಳೆಯದು, ದುಡ್ಡೂ ಬೇಕಿಲ್ಲ. ಮಷಿನ್‌ನಲ್ಲಿ ಉದ್ದ ಹೊಲಿಗೆ ಹಾಕಿ, ಬಿಚ್ಚಲು ಸುಲಭ. ಹಾಕಿಸಿ ನಿಲ್ಲಿಸಿ ನೋಡಿದರೆ ಸಾಲದು, ಕೂರಿಸಿ, ಬಗ್ಗಿಸಿ, ಪಾತ್ರ ಏನು ಮಾಡುತ್ತದೋ ಅದನ್ನು ಮಾಡಿಸಿ. ಅಡ್ಡ ಸುಕ್ಕು ಬಿದ್ದಲ್ಲಿ ಬಿಗಿ ಇದೆ ಅಂತ ಅರ್ಥ, ಸುಕ್ಕು ಬೆರಳು ಮಾಡಿ ತೋರಿಸುವ ಜಾಗದಲ್ಲೇ ಬಟ್ಟೆ ಬೇಕು. ಬಟ್ಟೆಯ ಮೇಲೇ ಪೆನ್ನಿನಲ್ಲಿ ಗುರುತು ಹಾಕಿ, ಬಿಚ್ಚಿ, ಕಾಗದದ ಪ್ಯಾಟರ್ನ್‌ಗೆ ಇಳಿಸಿ. ಬೆನ್ನು ಕಿತ್ತುಕೊಂಡ ಆ ಕೋಟಿಗೆ ನಾವು ಕೊನೆಗೆ ಬೆನ್ನ ಮಧ್ಯದಲ್ಲಿ ಒಂದು ಇಂಚಿನ ಮಡಿಕೆ ಒಳಗೆ ಬಿಟ್ಟೆವು. ನಿಂತಾಗ ಕಾಣುವುದಿಲ್ಲ, ಕೊಡಲಿ ಎತ್ತಿದಾಗ ತೆರೆಯುತ್ತದೆ.

ಬಟ್ಟೆ ಮತ್ತು ಕಟಿಂಗ್

ಹಳೇ ನಕ್ಷೆಗಳಲ್ಲಿ ಹೊಲಿಗೆಯ ಮಾರ್ಜಿನ್ ಸೇರಿರುವುದು ಅಪರೂಪ. ನೀವೇ ಬಿಡಬೇಕು. ಕುತ್ತಿಗೆ, ಕಂಕುಳಿಗೆ ಅರ್ಧ ಇಂಚು, ಪಕ್ಕೆಗೆ ಮತ್ತು ಬೆನ್ನ ಮಧ್ಯಕ್ಕೆ ಒಂದೂವರೆ ಇಂಚು ಬಿಡಿ. ಮುಂದಿನ ಪ್ರದರ್ಶನಕ್ಕೆ ಪಾತ್ರಧಾರಿ ಬದಲಾದರೆ ಅದೇ ಕೋಟನ್ನು ಬಿಚ್ಚಿ ದೊಡ್ಡದು ಮಾಡಬಹುದು. ಕಡಿಮೆ ಖರ್ಚು ಅನ್ನುವುದರಲ್ಲಿ ನನ್ನ ಮಟ್ಟಿಗೆ ದೊಡ್ಡ ಉಳಿತಾಯ ಇದೇ.

ನೋಟ್‌ಬುಕ್‌ನಲ್ಲಿ "ಬಟ್ಟೆ ಇಷ್ಟು ಗಜ" ಅಂತ ಬರೆದದ್ದನ್ನು ಹಾಗೇ ಕೊಳ್ಳಬೇಡಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಲೆಕ್ಕ ಅದು, ಅಜ್ಜ ಬರೆದದ್ದು 36 ಇಂಚು ಪನ್ನದ (ಅಗಲದ) ಮಿಲ್ ಬಟ್ಟೆಗೆ. ಈಗಿನ ಕೋಟಿನ ಬಟ್ಟೆ 58 ಇಂಚು ಪನ್ನ ಬರುತ್ತದೆ. ಪ್ಯಾಟರ್ನ್ ತುಂಡುಗಳನ್ನು ಮನೆಯ ನೆಲದ ಮೇಲೆ 58 ಇಂಚಿನ ಎರಡು ಗೆರೆಗಳ ನಡುವೆ ಜೋಡಿಸಿ, ಎಷ್ಟು ಉದ್ದ ಬರುತ್ತದೋ ಅಷ್ಟನ್ನೇ ಬರೆದುಕೊಂಡು ಅಂಗಡಿಗೆ ಹೋಗಿ. ಚೌಕಿಪೇಟೆ ಕಡೆ ಸುತ್ತಿದರೆ ಕಟ್ ಪೀಸ್ ಸಿಗುತ್ತವೆ. ಮೀಟರ್ ಲೆಕ್ಕ ಕೈಯಲ್ಲಿದ್ದರೆ ಯಾವ ತುಂಡು ಸಾಕು ಅಂತ ಅಲ್ಲೇ ಗೊತ್ತಾಗುತ್ತದೆ. ಹೊಳಪಿನ ಬಟ್ಟೆಯೇ ಅಗ್ಗಕ್ಕೆ ಸಿಕ್ಕರೆ ಒಳಮೈ ತಿರುಗಿಸಿ ನೋಡಿ, ಎಷ್ಟೋ ಸಲ ಹಿಂಬದಿ ಮಂಕಾಗಿ, ಹಳೇ ಕಾಲದ ಬಟ್ಟೆಯಂತೆಯೇ ಇರುತ್ತದೆ.

ಕಾಟನ್ ಮತ್ತು ಖಾದಿಯನ್ನು ಕತ್ತರಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ನೂರು ಇಂಚಿಗೆ ಮೂರು, ಐದು ಇಂಚು ಕುಗ್ಗಿದರೆ ಇಷ್ಟು ಹೊತ್ತು ಮಾಡಿದ ಲೆಕ್ಕವೆಲ್ಲ ನೀರುಪಾಲು. ಹೊಸ ಬಿಳಿ ಖಾದಿ ರಂಗದ ದೀಪಕ್ಕೆ ಕಣ್ಣು ಕುಕ್ಕುತ್ತದೆ, ತೆಳು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದರೆ ನಾಲ್ಕು ವರ್ಷ ತೊಟ್ಟ ಜುಬ್ಬದ ಬಣ್ಣ ಬರುತ್ತದೆ. ಮೊದಲು ಒಂದು ಚೂರಿನ ಮೇಲೆ ನೋಡಿ. ಹಳ್ಳಿಯವರ ಪಾತ್ರಗಳಿಗೆ ಹೊದೆಯಲು ಚಳ್ಳಕೆರೆ ಕಡೆಯ ಕಂಬಳಿ ಇದ್ದರೆ ಅವಕ್ಕೆ ನಕ್ಷೆಯೂ ಬೇಡ, ಹೊಲಿಗೆಯೂ ಬೇಡ.

ಕಾಲರ್‌ಗೆ ಮತ್ತು ಗುಂಡಿ ಪಟ್ಟಿಗೆ ಮಾತ್ರ ಒಳ್ಳೆಯ ಕ್ಯಾನ್ವಾಸ್ ಹಾಕಿ. ಕ್ಲೋಸ್ ಕೋಟಿನ ಕಾಲರ್ ಬಗ್ಗಿದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಕಾಣುವುದಿಲ್ಲ. ಕಾಜಾ ಅಂಗಡಿಯಲ್ಲೇ ಮಾಡಿಸಿ. ಬೇಗ ಬದಲಾಯಿಸಬೇಕಾದ ಬಟ್ಟೆಗೆ ಗುಂಡಿಗಳನ್ನು ಮೇಲೆ ತೋರಿಕೆಗೆ ಹೊಲಿದು ಒಳಗೆ ಟಿಚ್ ಬಟನ್ ಹಾಕಿ.

ಪ್ಯಾಟರ್ನ್ ಎತ್ತಿಡುವುದು

ಎಲ್ಲ ತಿದ್ದುಪಡಿ ಮುಗಿದ ಪ್ಯಾಟರ್ನನ್ನು ಹಳೇ ಫ್ಲೆಕ್ಸ್ ಬ್ಯಾನರ್ ಮೇಲೆ ಇಳಿಸಿ ಕತ್ತರಿಸಿ. ಕಾಗದ ಎರಡು ನಾಟಕಕ್ಕೆ ಹರಿಯುತ್ತದೆ, ಫ್ಲೆಕ್ಸ್ ಹರಿಯುವುದಿಲ್ಲ. ಹಿಂಬದಿಯ ಬಿಳಿ ಮೇಲೆ ಮಾರ್ಕರ್‌ನಿಂದ ಎದೆ, ಸೊಂಟ, ಭುಜದ ಅಳತೆ, ಮಾರ್ಜಿನ್ ಸೇರಿದೆಯಾ ಇಲ್ಲವಾ, ಯಾವ ನಾಟಕ, ಯಾವ ವರ್ಷ ಎಲ್ಲ ಬರೆಯಿರಿ. ಮೂಲ ನಕ್ಷೆ ನೋಟ್‌ಬುಕ್‌ನ ಯಾವ ಪುಟದ್ದು ಅನ್ನುವುದನ್ನೂ ಬರೆಯಿರಿ. ಮಡಿಸಬೇಡಿ, ಮಡಿಕೆ ಬಿದ್ದಲ್ಲಿ ಅಳತೆ ತಪ್ಪುತ್ತದೆ. ಪ್ರತಿ ತುಂಡಿನ ಮೂಲೆಗೂ ಒಂದು ತೂತು ಹಾಕಿ, ಒಂದು ಕೋಟಿನ ಎಲ್ಲ ತುಂಡುಗಳನ್ನೂ ಒಂದೇ ದಾರದಲ್ಲಿ ಪೋಣಿಸಿ ಮೊಳೆಗೆ ನೇತುಹಾಕಿ. ನಮ್ಮ ರಿಹರ್ಸಲ್ ಕೋಣೆಯ ಗೋಡೆಯಲ್ಲಿ ಈಗ ಹೀಗೆ ಒಂಬತ್ತು ಗೊಂಚಲು ತೂಗುತ್ತಿವೆ, ಮೊದಲನೆಯದರ ಮೇಲೆ ಅಜ್ಜನ ಹೆಸರಿದೆ.